ಒಗರು

ಆರು ರುಚಿಗಳಲ್ಲಿ ಐದಕ್ಕೆ ನಮ್ಮ ಮಾತಿನಲ್ಲಿ ಒಂದೊಂದು ಕೆಲಸ ಸಿಕ್ಕಿದೆ. ಸಿಹಿ ಸುದ್ದಿ ಬರುತ್ತದೆ, ಕಹಿ ಅನುಭವವಾಗುತ್ತದೆ, ಖಾರವಾದ ಮಾತು ಕೇಳಬೇಕಾಗುತ್ತದೆ, ಯಾರೋ ಬಂದು ಹುಳಿ ಹಿಂಡುತ್ತಾರೆ, ಉಪ್ಪು ತಿಂದ ಮನೆಯ ಋಣ ಉಳಿಯುತ್ತದೆ. ಒಗರಿಗೆ ಮಾತ್ರ ಏನೂ ಸಿಕ್ಕಿಲ್ಲ. ಒಗರು ಸುದ್ದಿ ಅಂತ ಯಾರೂ ಹೇಳುವುದಿಲ್ಲ. ಒಗರಾಗಿ ನಕ್ಕಳು ಅಂತ ಯಾವ ಕಥೆಗಾರರೂ ಬರೆದದ್ದನ್ನು ನಾನು ಓದಿಲ್ಲ. ಬಾಯಿಗೆ ಬಂದರೆ ಮುಖ ಹಿಂಡಿಕೊಳ್ಳುತ್ತೇವೆ, ಅಷ್ಟೇ.

ಆದರೆ ತುಮಕೂರು ಸೀಮೆಯವರಾದ ನಾವು ಒಗರನ್ನು ತಿಂದೇ ಬೆಳೆದವರು. ಜೂನ್ ತಿಂಗಳಲ್ಲಿ ನೇರಳೆಹಣ್ಣು ತಿಂದು ನಾಲಗೆಯನ್ನು ನೀಲಿ ಮಾಡಿಕೊಂಡು, ಅದು ದಪ್ಪಗಾಗಿ ಅಂಗಳಕ್ಕೆ ಅಂಟಿಕೊಂಡಾಗ ಮಾತು ತೊದಲಿಸುವುದು ಒಂದು ಆಟವಾಗಿತ್ತು. ನೆಲ್ಲಿಕಾಯಿಗೆ ಉಪ್ಪು ಹಚ್ಚಿಕೊಳ್ಳುತ್ತಿದ್ದೆವು. ಬಾಳೆಹೂವನ್ನು ಹೆಚ್ಚಿ ಮಜ್ಜಿಗೆ ನೀರಿನಲ್ಲಿ ನೆನೆಹಾಕದೆ ಅವ್ವ ಒಲೆಗೆ ಇಟ್ಟದ್ದೇ ಇಲ್ಲ. ಯಾಕೆ ಎಂದು ಕೇಳಿದರೆ "ಒಗರು ಬಿಡ್ತದೆ" ಎನ್ನುತ್ತಿದ್ದಳು. ಅದರ ಹಿಂದಿನ ರಸಾಯನಶಾಸ್ತ್ರ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅದೂ ಇಟಲಿಯ ಒಂದು ಬಾಟಲಿಯ ದೆಸೆಯಿಂದ.

ಒಗರಿನ ರಾಜಧಾನಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಗುಬ್ಬಿ ಎನ್ನುತ್ತೇನೆ. ಗುಬ್ಬಿ ಎಂದರೆ ಬಹಳ ಜನಕ್ಕೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ನನಗೆ ನೆನಪಾಗುವುದು ಅಕ್ಕನ ತೋಟದ ಅಡಿಕೆ ಹಂಡೆ. ಎಳೆಗಾಯಿ ಕೊಯ್ದು ಸುಲಿದು, ಬೇಳೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ನೀರು ಕಡುಕೆಂಪಾಗುತ್ತದೆ. ಅದೇ ನೀರಿನಲ್ಲಿ ಮತ್ತೊಂದು ಪಾಲು, ಮಗದೊಂದು ಪಾಲು ಬೇಯಿಸಿದಂತೆ ಮಂದವಾಗಿ ಚೊಗರು ಆಗುತ್ತದೆ. ಆ ಚೊಗರನ್ನೇ ಅಡಿಕೆಗೆ ಬಣ್ಣವಾಗಿ ಕಟ್ಟಿ ಒಣಗಿಸುತ್ತಾರೆ. ಕೈಗೆ ತಾಗಿದರೆ ವಾರ ಹೋಗುವುದಿಲ್ಲ. ಬಟ್ಟೆಗೆ ತಾಗಿದರೆ ಬಟ್ಟೆ ಇರುವವರೆಗೂ ಹೋಗುವುದಿಲ್ಲ. ಸಾಗರದ ಹೆಗ್ಗೋಡಿನ ಚರಕ ಸಂಸ್ಥೆಯವರು ಇದೇ ಗುಣವನ್ನು ನಂಬಿ ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕುತ್ತಾರೆ. ಹಂಡೆಯ ಪಕ್ಕ ನಿಂತರೆ ಮೂಗಿಗೆ ಬರುವ ಆ ವಾಸನೆ, ತುಟಿಗೆ ತಾಗಿದರೆ ಬಾಯೊಳಗಿನ ನೀರನ್ನೆಲ್ಲ ಯಾರೋ ಒರೆಸಿದಂತಾಗುವ ಆ ಅನುಭವ, ಅದೇ ಒಗರು.

ಅಕ್ಕನ ಮಗಳು ಎರಡು ವರ್ಷ ನೇಪಲ್ಸ್‌ನಲ್ಲಿ ಓದಿ ಹೋದ ವರ್ಷ ಆಗಸ್ಟಿನಲ್ಲಿ ಊರಿಗೆ ಬಂದಳು. ಅಪ್ಪನಿಗೆ ಸ್ವೆಟರು, ಅಮ್ಮನಿಗೆ ಕಾಫಿ ಪಾತ್ರೆ, ನನಗೆ ಪುಸ್ತಕ. ಪೆಟ್ಟಿಗೆಯ ತಳದಲ್ಲಿ ಟವೆಲಿನಲ್ಲಿ ಸುತ್ತಿದ ಎರಡು ಬಾಟಲಿ. ಆ ಹೊತ್ತಿಗೆ ಅವ್ವ ಗುಬ್ಬಿಯಲ್ಲೇ ಇದ್ದಳು.

"ಏನವ್ವ ಅದು?"

"ವೈನು ಅಜ್ಜಿ."

"ಎಂಡನಾ?"

"ಹಂಗೇ ಅನ್ಕೊ. ದ್ರಾಕ್ಷಿದು. ಅಲ್ಲಿ ಊಟದ ಜೊತೆ ಕುಡೀತಾರೆ."

"ಊಟದ ಜೊತೆ ನೀರು ಕುಡೀತಾರೆ ಕಣವ್ವ" ಎಂದು ಹೇಳಿ ಅವ್ವ ಎದ್ದು ಹಿತ್ತಲಿಗೆ ಹೋದಳು. ಬಾಟಲಿಗಳು ಬೀರುವಿನ ಮೇಲೆ ಹೋದವು.

ಬಾಟಲಿಯ ಮೇಲೆ ತೌರಾಸಿ ಎಂದು ಬರೆದಿತ್ತು. ಅದು ಊರಿನ ಹೆಸರು. ನೇಪಲ್ಸ್‌ನಿಂದ ಪೂರ್ವಕ್ಕೆ ಬೆಟ್ಟ ಹತ್ತಿದರೆ ಸಿಗುವ ಅವೆಲ್ಲಿನೊ ಪ್ರಾಂತದ ಹಳ್ಳಿ. ದ್ರಾಕ್ಷಿಯ ಹೆಸರು ಅಲ್ಯಾನಿಕೊ. ಕಂಪಾನಿಯ ಮತ್ತು ಅದರ ಪಕ್ಕದ ಬಾಸಿಲಿಕಾತದಲ್ಲಿ, ಅಂದರೆ ಇಟಲಿಯ ಕಾಲಿನ ಪಾದದ ಹತ್ತಿರ, ಈ ದ್ರಾಕ್ಷಿಯದೇ ರಾಜ್ಯ. ಗ್ರೀಕರು ತಂದ ತಳಿ ಎಂದು ಹಳೆಯ ನಂಬಿಕೆ. ಅದಕ್ಕೆ ಗಟ್ಟಿ ಆಧಾರವೇನೂ ಸಿಕ್ಕಿಲ್ಲ. ಅಲ್ಲಿನ ಬಹಳಷ್ಟು ದ್ರಾಕ್ಷಿ ಸೆಪ್ಟೆಂಬರಿನಲ್ಲಿ ಕೊಯ್ಲಾದರೆ ಇದು ಅಕ್ಟೋಬರ್ ಕೊನೆ, ಕೆಲವು ಕಡೆ ನವೆಂಬರ್ ತನಕ ಬಳ್ಳಿಯಲ್ಲೇ ಇರುತ್ತದೆ. ಅಷ್ಟು ಕಾದರೂ ಅದರ ಹುಳಿ ಹೋಗುವುದಿಲ್ಲ, ಒಗರಂತೂ ಹೋಗುವುದೇ ಇಲ್ಲ. ಆದ್ದರಿಂದ ತೌರಾಸಿಯನ್ನು ಕನಿಷ್ಠ 3 ವರ್ಷ ಮಾಗಿಸಬೇಕು, ಅದರಲ್ಲಿ 1 ವರ್ಷವಾದರೂ ಮರದ ಪೀಪಾಯಿಯಲ್ಲಿ ಇರಬೇಕು ಎಂದು ಅಲ್ಲಿನ ಕಾನೂನೇ ಇದೆ. 1993ರಲ್ಲಿ ಇದಕ್ಕೆ ಡಿಒಸಿಜಿ ಎಂಬ, ಇಟಲಿಯ ವೈನುಗಳಿಗೆ ಸಿಗುವ ಅತಿ ಮೇಲಿನ ದರ್ಜೆ ಸಿಕ್ಕಿತು. ಉತ್ತರ ಇಟಲಿಯ ಹೆಸರುವಾಸಿ ವೈನಿಗೆ ಹೋಲಿಸಿ ಇದನ್ನು 'ದಕ್ಷಿಣದ ಬರೋಲೊ' ಎನ್ನುತ್ತಾರಂತೆ. ದಕ್ಷಿಣದವರಿಗೆ ಎಲ್ಲ ಕಡೆಯೂ ಉತ್ತರದವರ ಹೆಸರಿನಲ್ಲೇ ಮರ್ಯಾದೆ.

ನನಗೆ ಕೊಟ್ಟ ಪುಸ್ತಕ ಕಾರ್ಲೊ ಲೆವಿಯದು. ಮುಸೊಲಿನಿಯ ಸರ್ಕಾರ 1935ರಲ್ಲಿ ಈತನನ್ನು ಬಾಸಿಲಿಕಾತಕ್ಕೆ ಗಡಿಪಾರು ಮಾಡಿತ್ತು. ಓದಿದ್ದು ವೈದ್ಯಕೀಯ, ಕೈಹಿಡಿದದ್ದು ಚಿತ್ರಕಲೆ. ಅಲ್ಲಿಯ ಮಲೇರಿಯಾ, ತೆರಿಗೆ, ಬೋಳು ಗುಡ್ಡ, ಆಡು ಸಾಕಿ ಬದುಕುವ ಜನ, ಇವನ್ನು ಓದುವಾಗ ನನಗೆ ಪಾವಗಡ ಮಧುಗಿರಿ ಕಡೆಯ ಬರಗಾಲದ ಮಾತುಗಳು ನೆನಪಾದವು. ಈ ವೈನು ಅರಮನೆಯದಲ್ಲ, ಆ ಜನರ ನೆಲದ್ದು. ಅದು ತಿಳಿದ ಮೇಲೆ ಬೀರುವಿನ ಮೇಲಿದ್ದ ಬಾಟಲಿಯ ಮೇಲೆ ನನಗಿದ್ದ ಅಳುಕು ಸ್ವಲ್ಪ ಕಡಿಮೆಯಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ತುಮಕೂರಿನ ಬಿ.ಎಚ್. ರಸ್ತೆಯ ಉದ್ದಕ್ಕೂ ನಡೆದರೆ 'ವೈನ್ಸ್' ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಅಲ್ಲಿ ಹೋಗಿ ವೈನು ಕೇಳುವವರು ಅಪರೂಪ. ಬ್ರಾಂದಿ, ವಿಸ್ಕಿ, ರಮ್ಮುಗಳನ್ನು ಮಾರುವ ಅಂಗಡಿಗೆ ನಾವು ವೈನು ಎಂಬ ಹೆಸರು ಕೊಟ್ಟಿದ್ದೇವೆ. ಮೂಲೆಯಲ್ಲಿ ಒಂದೆರಡು ಸೀಸೆ ಇದ್ದರೂ ಬಹುಪಾಲು ಸಿಹಿಯಾದದ್ದು, ಬೆಂಗಳೂರು ಬ್ಲೂ ಥರದ ನಮ್ಮ ನೀಲಿ ದ್ರಾಕ್ಷಿಯ ಪಾನಕದಂಥದ್ದು. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರು 1990ರ ದಶಕದಿಂದ ಫ್ರೆಂಚ್ ತಳಿಗಳ ಒಣ ಕೆಂಪು ವೈನು ಮಾಡುತ್ತಿದ್ದಾರೆ, ರಾಜ್ಯ ಸರ್ಕಾರ 2007ರಲ್ಲಿ ವೈನಿಗೆಂದೇ ನೀತಿ ತಂದಿದೆ. ಆದರೂ ನಮ್ಮ ಕಡೆ ವೈನೆಂದರೆ ಸಿಹಿ ಇರಬೇಕು ಎಂದೇ ಲೆಕ್ಕ. ಅಂಥ ನಾಲಗೆಗೆ ತೌರಾಸಿ ಮೊದಲ ಗುಟುಕಿನಲ್ಲೇ ಹೊಡೆಯುತ್ತದೆ.

ಹೊಡೆಯಿತು. ಒಂದು ಭಾನುವಾರ, ಅವ್ವ ಕುಣಿಗಲ್ಲಿಗೆ ಹೊರಟುಹೋದ ಮೇಲೆ, ಗುಬ್ಬಿಯಲ್ಲಿ ಮೊದಲ ಬಾಟಲಿ ತೆಗೆದೆವು. ತೆಗೆದ ಕೂಡಲೆ ಕುಡಿಯಬಾರದು, ಗಾಳಿಯಾಡಬೇಕು ಎಂದು ಸೊಸೆ ಅದನ್ನು ಸ್ಟೀಲಿನ ಜಗ್ಗಿಗೆ ಸುರಿದಳು. ನಮ್ಮ ಹವೆಗೆ ಅದು ಬಿಸಿಯಾಯಿತೆಂದು ಫ್ರಿಜ್ಜಿನಲ್ಲಿ, ನಾಳೆಯ ದೋಸೆ ಹಿಟ್ಟಿನ ಪಕ್ಕದಲ್ಲಿ, ಅರ್ಧ ಗಂಟೆ ಇಟ್ಟಳು. ಕಡು ಬಣ್ಣ. ವಾಸನೆಯಲ್ಲಿ ಒಣಗಿದ ಹಣ್ಣು, ಹೊಗೆ, ಹಳೇ ಚರ್ಮದ ಚೀಲ. ಬಾಯಿಗೆ ಇಟ್ಟರೆ ಮೊದಲು ಹುಳಿ, ಆಮೇಲೆ ಒಸಡಿನವರೆಗೂ ಒಗರು. ಭಾವ ಒಂದು ಗುಟುಕು ಕುಡಿದು, "ಇದಕ್ಕೆ ವಿಮಾನದಲ್ಲಿ ತರಬೇಕಿತ್ತಾ? ಹಂಡೆಲಿ ಇತ್ತಲ್ಲ" ಅಂದರು.

ಆಗ ಅವಳು ಹೇಳಿದ್ದು ಇದು. ದ್ರಾಕ್ಷಿಯ ಸಿಪ್ಪೆ, ಬೀಜ, ಪೀಪಾಯಿಯ ಮರ, ಇವುಗಳಿಂದ ವೈನಿಗೆ ಟ್ಯಾನಿನ್ ಬರುತ್ತದೆ. ಅಡಿಕೆಯಲ್ಲಿ, ನೇರಳೆಯಲ್ಲಿ, ಚಹಾದಲ್ಲಿ ಇರುವುದೂ ಅದರ ಬಳಗವೇ. ನಮ್ಮ ಜೊಲ್ಲಿನಲ್ಲಿ ಬಾಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಹೋಗಿ ಅವನ್ನು ಹಿಡಿದು ಗಂಟು ಕಟ್ಟುತ್ತದೆ. ನುಣುಪು ಹೋಗಿ ನಾಲಗೆ ಒರಟಾಗುತ್ತದೆ. ಹಾಗಾಗಿ ಒಗರು ನಿಜವಾಗಿ ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಬಾಯಿಗೆ ಬೇರೆ ಪ್ರೋಟೀನು ಕೊಟ್ಟರೆ ಟ್ಯಾನಿನ್ ಅದನ್ನು ಹಿಡಿಯುತ್ತದೆ, ನಾಲಗೆಯನ್ನು ಬಿಡುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ಅಡಗುವುದು ಹೀಗೆ. ಬಾಳೆಹೂವಿಗೆ ಮಜ್ಜಿಗೆ ಹಾಕುವುದೂ ಹೀಗೆಯೇ. ಅವ್ವನ "ಒಗರು ಬಿಡ್ತದೆ" ಎಂಬ ಎರಡು ಪದದಲ್ಲಿ ಇಷ್ಟೂ ಇತ್ತು.

ಅಲ್ಲಿಯವರು ಈ ವೈನಿಗೆ ಏನು ತಿನ್ನುತ್ತಾರೆ? ಕುರಿ, ಕಾಡುಹಂದಿ, ನಿಧಾನ ಬೇಯಿಸಿದ ಗಟ್ಟಿ ಮಾಂಸ, ಕುರಿಹಾಲಿನ ಹಳೆಯ ಚೀಸು. ಪ್ರೋಟೀನು, ಕೊಬ್ಬು, ಉಪ್ಪು. ಬಾಸಿಲಿಕಾತದ ಸೆನೀಸೆ ಎಂಬ ಊರಿನಲ್ಲಿ ಒಂದು ಜಾತಿಯ ಕೆಂಪು ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಗಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು ತಿನ್ನುತ್ತಾರೆ. ಹೆಸರು ಕ್ರುಸ್ಕಿ. ಅದರ ಫೋಟೋ ನೋಡಿದ ಅಕ್ಕ, "ನಮ್ಮ ಬಾಳಕ ಕಣೇ ಇದು" ಎಂದು ಮಜ್ಜಿಗೆ ಮೆಣಸಿನಕಾಯಿಯ ಡಬ್ಬಿ ತೆಗೆದಳು. ಅವರದರಲ್ಲಿ ಖಾರವಿಲ್ಲ, ನಮ್ಮದರಲ್ಲಿದೆ. ಮೆಣಸಿನಕಾಯಿ ಇಬ್ಬರಿಗೂ ಅಮೆರಿಕ ಖಂಡದಿಂದ ಬಂದದ್ದು. ಅವರು ಖಾರ ಬಿಟ್ಟು ಪರಿಮಳ ಇಟ್ಟುಕೊಂಡರು, ನಾವು ಎರಡನ್ನೂ ಇಟ್ಟುಕೊಂಡೆವು.

ಆ ಖಾರವೇ ತೊಡಕಾಯಿತು. ಮೊದಲು ಬಡಿಸಿದ್ದು ನಮ್ಮ ಮಾಮೂಲಿ ಬಾಡಿನ ಸಾರು. ಅದರ ಮೇಲೆ ಒಂದು ಗುಟುಕು ವೈನು ಬಿದ್ದರೆ ಬಾಯಿ ಉರಿದುಹೋಯಿತು. ಆಲ್ಕೋಹಾಲು ಖಾರವನ್ನು ಏರಿಸುತ್ತದೆ, ಖಾರ ಒಗರನ್ನು ಕಹಿ ಮಾಡುತ್ತದೆ. ಕೆರೆ ಮೀನಿನ ಹುರಿದ ತುಂಡಿನ ಜೊತೆ ಕಬ್ಬಿಣ ನೆಕ್ಕಿದ ಹಾಗಾಯಿತು. ಹೋಳಿಗೆಯಂತೂ ಬೇಡವೇ ಬೇಡ. ಸಿಹಿಯ ಮೇಲೆ ಕುಡಿದರೆ ವೈನು ಬರೀ ಹುಣಸೆ ನೀರು. ಗೆದ್ದದ್ದು ಯಾವುದು? ಮೆಣಸಿನಕಾಯಿ ಬಿಟ್ಟು ಕಾಳುಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಅದರ ಕೊಬ್ಬಿನಲ್ಲೇ ಹುರಿದ ಮೂಳೆ ಬಾಡು. ಒಂದು ತುಂಡು ಅಗಿದು ಒಂದು ಗುಟುಕು ಕುಡಿದರೆ ಒಗರು ಮಾಯವಾಗಿ ಒಳಗಿನ ಹಣ್ಣು ಹೊರಗೆ ಬಂತು. ಕಾಲುಸೂಪು, ಖಾರ ತಗ್ಗಿಸಿದ ಕೈಮ ಉಂಡೆ, ಇವೂ ಸರಿ. ಮಾಂಸ ತಿನ್ನದವರಿಗೆ ನಮ್ಮ ಜಿಲ್ಲೆ ಅನ್ಯಾಯ ಮಾಡಿಲ್ಲ. ಖಾರ ಇಳಿಸಿದ ಹುರುಳಿಕಾಳಿನ ಬಸ್ಸಾರು ಚೆನ್ನಾಗಿ ನಿಂತಿತು, ಯಾಕೆಂದರೆ ಹುಣಸೆಯ ಹುಳಿಗೆ ಸಮನಾದ ಹುಳಿ ವೈನಿನಲ್ಲೂ ಇದೆ. ಹುಚ್ಚೆಳ್ಳು ಚಟ್ನಿಯ ಎಣ್ಣೆಜಿಡ್ಡು, ಅದರ ತೆಳು ಕಹಿ, ಎರಡೂ ಒಗ್ಗಿದವು. ಎಲ್ಲಕ್ಕಿಂತ ಅಚ್ಚರಿ ತಂದದ್ದು ತಿಪಟೂರಿನ ಕೊಬ್ಬರಿಯ ಒಂದು ಚೂರು. ಇನ್ನು ರಾಗಿಮುದ್ದೆ. ರಾಗಿಯ ಸಿಪ್ಪೆಯಲ್ಲೂ ಟ್ಯಾನಿನ್ ಇದೆಯಂತೆ. ಆದರೆ ಮುದ್ದೆ ಯಾರ ಜೊತೆಗೂ ಜಗಳವಾಡುವುದಿಲ್ಲ.

ಇದು ಅಡುಗೆಯ ಮಾತಾಯಿತು. ಆ ಭಾನುವಾರ ನನ್ನನ್ನು ಕಾಡಿದ್ದು ಬೇರೆ. ನಾವು ಐದು ಜನ, ಹೆಂಗಸರು ಗಂಡಸರು ಒಟ್ಟಿಗೆ, ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದುಕೊಂಡು, ಉಣ್ಣುತ್ತ ಕುಡಿದಿದ್ದೆವು. ಇಬ್ಬರು ಅರ್ಧ ಲೋಟಕ್ಕೇ ಸಾಕೆಂದರು. ಜಗ್ಗಿನಲ್ಲಿ ಇನ್ನೂ ಉಳಿದಿತ್ತು. ಕುಡಿತ ಊಟದ ಪಕ್ಕದಲ್ಲಿ ಕೂತದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ.

ನಮ್ಮಪ್ಪ ಅಡಿಕೆ ಮರ ಹತ್ತುತ್ತಿದ್ದರು. ಕುಣಿಗಲ್ಲಿನಿಂದ ಗುಬ್ಬಿ ಕಡೆಗೆ ಕೊಯ್ಲಿಗೆ ಹೋದರೆ ವಾರಗಟ್ಟಲೆ ಅಲ್ಲೇ. ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿಕೊಂಡು ದಾಟುವುದರಲ್ಲಿ ಅವರ ಸಮ ಇಲ್ಲ ಎನ್ನುತ್ತಿದ್ದರು. ಬೆಳಗ್ಗೆ ಹೊಟ್ಟೆ ತುಂಬ ಉಂಡರೆ ಮರ ಹತ್ತಲಾಗುವುದಿಲ್ಲ. ಸಂಜೆ ಕೂಲಿ ಕೈಗೆ ಬಂದರೆ ಮೊದಲು ಸಿಗುತ್ತಿದ್ದುದು ಸಾರಾಯಿ ಅಂಗಡಿ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಿತ್ತು, ನಿಂತಲ್ಲೇ, ಖಾಲಿ ಹೊಟ್ಟೆಗೆ. ನಂಚಿಕೊಳ್ಳಲು ಹೆಚ್ಚೆಂದರೆ ಉಪ್ಪಿನಕಾಯಿ. ಸಾರಾಯಿಗೆ ಒಗರಿರಲಿಲ್ಲ, ಹುಳಿ ಇರಲಿಲ್ಲ, ಯಾವ ಊರಿನ ಹೆಸರೂ ಇರಲಿಲ್ಲ. ಏರುವುದು ಒಂದೇ ಅದರ ಗುಣ. ಊರಿನಲ್ಲಿದ್ದ ದಿನಗಳಲ್ಲಿ ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಬರುತ್ತಿದ್ದರು. ಅವ್ವ ಮುದ್ದೆ ಮಾಡಿ ತಟ್ಟೆ ಮುಚ್ಚಿ ಕಾಯುತ್ತಿದ್ದಳು. ಅವರು ಉಣ್ಣುತ್ತಿರಲಿಲ್ಲ. ಬೆಳಗ್ಗೆ ಆ ಮುದ್ದೆ ಹಸುವಿಗೆ. ಹೊಡೆತಕ್ಕಿಂತಲೂ ಅವ್ವ ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದುದು ಆ ಮುದ್ದೆಯ ಮಾತು. 2003ರಲ್ಲಿ ಅಪ್ಪ ಈಲಿ ಕೆಟ್ಟು ತೀರಿಕೊಂಡರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆ ಸುದ್ದಿ ಹೇಳಿದಾಗ ಅವ್ವ, "ನಾಕು ವರ್ಷ ಮುಂಚೆ ಮಾಡಾಕೆ ಏನಾಗಿತ್ತು ಅವ್ರಿಗೆ?" ಎಂದಿದ್ದಳು.

ಇಟಲಿಯವರೆಲ್ಲ ಹಿತಮಿತವಾಗಿ ಕುಡಿಯುವ ಸಂತರು ಎಂದು ನಾನು ಹೇಳುತ್ತಿಲ್ಲ. ಕುಡಿದು ಹಾಳಾದವರು ಅಲ್ಲಿಯೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಲ್ಕೋಹಾಲನ್ನೂ ಅಡಿಕೆಯನ್ನೂ ಒಂದೇ ಮೊದಲ ಪಟ್ಟಿಯಲ್ಲಿ ಇಟ್ಟಿದೆ, ನಮ್ಮ ಸೀಮೆಯ ಎರಡು ಚಟಕ್ಕೂ ಒಂದೇ ತೀರ್ಪು. ನಾನು ಹೇಳುವುದು ಇಷ್ಟೇ. ಜೊತೆಗೆ ಏನು ತಿನ್ನಬೇಕು ಎಂಬ ಪ್ರಶ್ನೆ ಶೋಕಿಯದು ಎಂದು ನನಗೆ ಮುಂಚೆ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಆ ಪ್ರಶ್ನೆ ಕೇಳುವವನು ಊಟಕ್ಕೆ ಕೂತಿರುತ್ತಾನೆ. ಪಕ್ಕದಲ್ಲಿ ಯಾರೋ ಇರುತ್ತಾರೆ. ನಮ್ಮ ಮನೆಗಳಲ್ಲಿ ಕುಡಿತವನ್ನು ಊಟದಿಂದ, ಬೆಳಕಿನಿಂದ, ಹೆಂಗಸರ ಕಣ್ಣಿನಿಂದ ದೂರ ಇಟ್ಟೆವು. ಹಾಗೆ ಇಟ್ಟಿದ್ದರಿಂದ ಅದು ಕಡಿಮೆಯಾಗಲಿಲ್ಲ, ಹೊಟ್ಟೆ ಮಾತ್ರ ಖಾಲಿಯಾಯಿತು.

ಎರಡನೆಯ ಬಾಟಲಿ ಮಹಾಲಯ ಅಮಾವಾಸ್ಯೆಯ ತನಕ ಹಾಗೇ ಇತ್ತು. ಅದು ನಮಗೆ ಹಿರಿಯರ ಹಬ್ಬ. ಕುಣಿಗಲ್ಲಿನ ಹತ್ತಿರದ ಹಳ್ಳಿಯಲ್ಲಿ ಅವ್ವನ ಮನೆಗೆ ಎಲ್ಲರೂ ಸೇರುತ್ತೇವೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು, ಧೂಪ ಹಾಕಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು ಪದ್ಧತಿ. ಬಾಡು, ಮುದ್ದೆ, ಕಜ್ಜಾಯ, ಹೊಸ ಪಂಚೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಕುಡಿಯುತ್ತಿದ್ದವರಿಗೆ ಕುಡಿತವನ್ನೂ ಇಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅದಿಲ್ಲ. ಪ್ರತಿ ವರ್ಷ ಚಿಕ್ಕಪ್ಪ ಒಂದು ಕ್ವಾರ್ಟರ್ ತರುತ್ತಾರೆ. "ಅಣ್ಣ ಆಸೆ ಇಟ್ಕಂಡು ಬಂದಿರ್ತಾನೆ ಅತ್ತಿಗೆ" ಎನ್ನುತ್ತಾರೆ. ಅವ್ವ ಒಪ್ಪುವುದಿಲ್ಲ. "ಬದುಕಿದ್ದಾಗ ಕುಡಿದಿದ್ದು ಸಾಲ್ದಾ?" ಇಪ್ಪತ್ತು ವರ್ಷದಿಂದ ಇದೇ ಮಾತು, ಇದೇ ಉತ್ತರ.

ಈ ಸಲವೂ ಶುರುವಾಯಿತು. ಚಿಕ್ಕಪ್ಪನ ದನಿ ಏರಿತು. ಸೊಸೆ ಒಳಗೆ ಹೋಗಿ ಬಾಟಲಿ ತಂದು ಅವ್ವನ ಮುಂದೆ ಇಟ್ಟಳು.

"ಇದನ್ನ ಇಡೋಣ ಅಜ್ಜಿ. ಇದು ಬರೀ ಹೊಟ್ಟೇಲಿ ಕುಡಿಯಕ್ಕಾಗಲ್ಲ. ಉಣ್ಣದೆ ಕುಡಿದ್ರೆ ಬಾಯಿ ಹಿಡ್ಕಂಡುಬಿಡ್ತದೆ."

ಅವ್ವ ತುಂಬ ಹೊತ್ತು ಏನೂ ಹೇಳಲಿಲ್ಲ. ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಬಿರಡೆ ತೆಗೆಸಿ ಮೂಸಿದಳು. "ಚೊಗರು ನಾತ" ಅಂದಳು. ಆಮೇಲೆ ಬಡಿಸುತ್ತಿದ್ದ ಅಕ್ಕನ ಕಡೆ ತಿರುಗಿ ಹೇಳಿದಳು:

"ಮೊದ್ಲು ಮುದ್ದೆ ಇಡು. ಬಾಡು ಹಾಕು, ಮೂಳೆ ತುಂಡೇ ಹಾಕು. ಎಲ್ಲ ಬಡಿಸಿ ಆದ್ಮೇಲೆ ಕೊನೇಗೆ ಅದು. ಉಂಡ್ರೆ ಕುಡೀಲಿ."

ಹಾಗೇ ಮಾಡಿದೆವು. ಎಲೆ ತುಂಬಿದ ಮೇಲೆ ಮೂಲೆಯಲ್ಲಿ ಸ್ಟೀಲಿನ ಲೋಟ. ಬಾಗಿಲು ಮುಚ್ಚಿ ಜಗುಲಿಯ ಮೇಲೆ ಕೂತೆವು. ಯಾರೂ ಹೆಚ್ಚು ಮಾತಾಡಲಿಲ್ಲ. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು, ದಿನಾ ರಾತ್ರಿ ಕಾಯುತ್ತಿದ್ದಾಗ ಬಾಗಿಲ ಕಡೆಗೇ ಮುಖ ಮಾಡಿ ಕೂತಿರುತ್ತಿದ್ದವಳು.

ಬಾಗಿಲು ತೆಗೆದ ಮೇಲೆ ಎಡೆಯದನ್ನು ಎಲ್ಲರೂ ಹಂಚಿಕೊಂಡು ಊಟಕ್ಕೆ ಕೂತೆವು. ಲೋಟ ಚಿಕ್ಕಪ್ಪನ ಪಾಲಿಗೆ ಬಂತು. ಇಷ್ಟು ವರ್ಷ ವಾದ ಮಾಡಿ ಗೆದ್ದವರ ಹಾಗೆ ಅದನ್ನು ಎತ್ತಿ ಒಂದೇ ಸಲಕ್ಕೆ ಅರ್ಧ ಕುಡಿದರು. ಕಣ್ಣು ಮುಚ್ಚಿ ಮುಖ ಹಿಂಡಿ, "ಥೂ, ಏನ್ ಒಗರು! ಇದನ್ನ ದುಡ್ ಕೊಟ್ಟು ಕುಡೀತಾರಾ?" ಅಂದರು.

ಅವ್ವ ಸೌಟಿನಲ್ಲಿ ಒಂದು ಮೂಳೆ ತುಂಡು ಹುಡುಕಿ ತೆಗೆದು ಅವರ ಎಲೆಗೆ ಹಾಕಿದಳು.

"ಉಂಡ್ಕಂಡು ಕುಡಿಯಪ್ಪ. ಸರೋಯ್ತದೆ."